ಕುಂಟಿದಷ್ಟೂ ಕಾಳು

೧೪ ನವೆಂಬರ್, ಗುರುವಾರ

ಸವಾರಿಯ ಕುದುರೆ ಕುಂಟತೊಡಗಿದಾಗ ಲಾಳ ಹೊಡೆದವನನ್ನು ಬಾಯಿಗೆ ಬಂದಂತೆ ಬೈದಿದ್ದೆ. ಲಾಳ ಬಿಚ್ಚಿಸಿದರೆ ಮುಳ್ಳಿಲ್ಲ, ಗಾಯವಿಲ್ಲ. ಗೊರಸು ಮಾತ್ರ ಬಿಸಿ. ಇವತ್ತು ಡಾಕ್ಟರು ಮುಟ್ಟಿ ನೋಡಿ, “ಕಾಳು ಎಷ್ಟು ಹಾಕ್ತಿದೀರಿ?” ಎಂದರು.

“ಮೊದ್ಲಿಂದ್ಲೂ ನನ್ನ ಕೈ ಧಾರಾಳ. ಕುಂಟೋಕೆ ಶುರುವಾದ್ಮೇಲೆ, ಪಾಪ ಅಂತ ಇನ್ನೂ ಜಾಸ್ತಿ ಹಾಕ್ದೆ.”

“ಆ ಕಾಳೇ ಗೊರಸೊಳಗೆ ಉರಿ ಎಬ್ಬಿಸಿರೋದು. ಇನ್ಮೇಲೆ ಬರೀ ಒಣಹುಲ್ಲು.”

“ಮುದ್ದು ಅತಿಯಾಯ್ತು ಕಣೇ” ಎಂದು ಅಕ್ಕ ಹೇಳಿದ್ದಳು. ಹೊಟ್ಟೆಕಿಚ್ಚು ಅಂದುಕೊಂಡಿದ್ದೆ.

ಸಂಜೆ ಲಾಯಕ್ಕೆ ಬರಿಗೈಯಲ್ಲಿ ಹೋದೆ. ನನ್ನ ಹೆಜ್ಜೆ ಸದ್ದು ಕೇಳಿ, ಆ ನೋಯುವ ಕಾಲಲ್ಲೇ ಬಾಗಿಲವರೆಗೂ ಬಂತು. ನನ್ನ ಎರಡೂ ಅಂಗೈ ಮೂಸಿತು. ಮತ್ತೆ ಮೂಸಿತು.

ಒದ್ದಿದ್ದರೂ ಸಮಾಧಾನವಾಗುತ್ತಿತ್ತು.