ಮೂರನೇ ತಟ್ಟೆಯ ಮುಂದೆ ಯಾರೂ ಇರಲಿಲ್ಲ

ಹರಿಹರ
ಉರಿಮಾಸದ ಒಂಬತ್ತು, 2103

ನಿರ್ದೇಶಕರಾದ ಹಾಲಸ್ವಾಮಿಯವರಿಗೆ ನಮಸ್ಕಾರ.

ನಿಮ್ಮ ಪಂಚಾಂಗದಲ್ಲಿ ಉರಿಮಾಸವಿಲ್ಲ. ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ನಾವು ಸೇರಿಸಿಕೊಂಡ ತಿಂಗಳು ಅದು. ಆಗ ಬಿಸಿಲಿಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಾಲೇಜಿನಲ್ಲಿ ಓದಿ ಕಲಿತವಳು, ಆಡಿ ಕಲಿತವಳಲ್ಲ.

ಇದು ಹಿಂದೋಲೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ಅವರು ಹೇಳಬೇಕೆಂದಿದ್ದು ಹೇಳಲಾಗದೆ ಹೋದ ಮಾತನ್ನು ಮನೆಯವರೊಬ್ಬರು ಹಿಂದಿನ ಕಾಲಕ್ಕೆ ಬರೆದು ಹೊಳೆದಂಡೆಯ ಕಲ್ಲಿನ ಸಂದಿಯಲ್ಲಿಡುವ ಪದ್ಧತಿ ನಮ್ಮಲ್ಲಿದೆ. ತಲುಪುತ್ತದೋ ಇಲ್ಲವೋ ಯಾರಿಗೂ ತಿಳಿಯದು. ಮೊನ್ನೆ ನನ್ನ ಮುತ್ತಜ್ಜಿ ಸಿಂಚನಾ ತೀರಿಕೊಂಡರು. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುವ ನನಗೆ, ಸಾಹಿತ್ಯ ಓದಿದ್ದೇನೆಂಬ ಕಾರಣಕ್ಕೆ, ಬರೆಯುವ ಕೆಲಸ ಬಂತು. ಯಾರಿಗೆ ಬರೆಯಬೇಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಉರಿಮಾಸದಲ್ಲಿ ನಮ್ಮ ಬೀದಿಯವರೆಲ್ಲ ತಂಪುಮನೆಗೆ ಇಳಿಯುತ್ತೇವೆ. ನೆಲದಡಿಯ ದೊಡ್ಡ ಹಜಾರವದು. ಮನೆಗೊಂದು ಚಾಪೆ, ಎಲ್ಲರಿಗೂ ಒಂದೇ ಒಲೆ, ರಾಗಿ ಅಂಬಲಿ, ಮಜ್ಜಿಗೆ, ಜಗಳ, ಮಕ್ಕಳ ಗಲಾಟೆ. ಮೊದಲ ದಿನ ಅಲ್ಲಿ ಹಿರಿನೋಟ ನಡೆಯುತ್ತದೆ: ಬೀದಿಯ ಅತಿ ಹಿರಿಯರು ಒಂದು ಚಿತ್ರ ಆರಿಸುತ್ತಾರೆ, ಉಳಿದವರು ಗೊಣಗದೆ ನೋಡಬೇಕು. ನಮ್ಮ ಬೀದಿಗೆ ಮುತ್ತಜ್ಜಿಯೇ ಹಿರಿಯರು. ಪ್ರತಿ ವರ್ಷವೂ ಅವರು ಆರಿಸುತ್ತಿದ್ದುದು ನಿಮ್ಮ ‘ಮೂರನೇ ತಟ್ಟೆ’ಯನ್ನೇ.

ಪಕ್ಕದ ಚಾಪೆಯ ಬಸಣ್ಣಮಾವ ತಪ್ಪದೆ ರೇಗಿಸುತ್ತಿದ್ದರು. “ಮತ್ತೆ ಅದೇನಾ ಅಜ್ಜಿ? ಈ ಸಲನಾದ್ರೂ ದೆವ್ವ ಬರ್ತೈತಾ?”

“ಬಂದ್ರೆ ನಿನ್ನ ಪಕ್ಕಾನೇ ಕೂರಿಸ್ತೀನಿ, ಸುಮ್ಕಿರು.”

ನಿಮ್ಮ ಚಿತ್ರದಲ್ಲಿ ದೆವ್ವ ಬರುವುದಿಲ್ಲವೆಂದು ನಿಮಗೆ ನಾನು ಹೇಳಬೇಕಿಲ್ಲ. ಗಂಡ ಹೆಂಡತಿ ಇಬ್ಬರೇ ಇರುವ ಮನೆ. ಹೆಂಡತಿ ದಿನವೂ ಮೂರು ತಟ್ಟೆ ಹಾಕುತ್ತಾಳೆ. ಮೂರನೆಯದರಲ್ಲಿ ಅನ್ನ ಕಡಿಮೆಯಾಗುತ್ತದೆ. ಕೊನೆಗೆ ಕ್ಯಾಮೆರಾ ಖಾಲಿ ಅಡುಗೆಮನೆಯಲ್ಲಿ ಆ ತಟ್ಟೆಯ ಮುಂದೆ ಕೂತುಬಿಡುತ್ತದೆ. ಏನೂ ಆಗುವುದಿಲ್ಲ. ಆದರೆ ಅದನ್ನು ನೋಡಿ ಊಟಕ್ಕೆ ಕೂತ ನಮಗೆ, ಪಕ್ಕದಲ್ಲಿ ಖಾಲಿ ಜಾಗವಿದ್ದರೆ ತುತ್ತು ಇಳಿಯುತ್ತಿರಲಿಲ್ಲ. ಗೊಣಗಿದ ಬಸಣ್ಣಮಾವನೂ ಮಗನನ್ನು ಹತ್ತಿರ ಎಳೆದುಕೊಂಡೇ ಉಣ್ಣುತ್ತಿದ್ದರು.

ಕ್ಷಮಿಸಿ, ಈಗ ಹೇಳುವುದು ನಿಮಗೆ ಕಷ್ಟವಾದೀತು. ಶಾಲೆಗೆ ಹೋಗುವಾಗ ನಿಮ್ಮ ಚಿತ್ರ ನೋಡಿದ್ದ ಮುತ್ತಜ್ಜಿ, ದೊಡ್ಡವರಾದ ಮೇಲೆ ನಿಮ್ಮನ್ನು ಹುಡುಕಿಕೊಂಡು ಚಿತ್ರದುರ್ಗಕ್ಕೆ ಹೋಗಿದ್ದರು. ನಿಮ್ಮ ಮನೆಯ ಗೋಡೆಯ ಮೇಲೆ ನಿಮ್ಮ ಫೋಟೋ ಇತ್ತು, ಹಾರ ಹಾಕಿತ್ತು. ಆ ಒಂದು ಚಿತ್ರದ ನಂತರ ನೀವು ಮತ್ತೊಂದನ್ನು ಮಾಡಲಿಲ್ಲ, ಅದರ ಮಾತನ್ನೂ ಎತ್ತಲಿಲ್ಲವಂತೆ. ನಿಮ್ಮ ಹೆಂಡತಿ ಒಳಗಿನಿಂದ ಉಳಿದಿದ್ದ ಒಂದೇ ಪ್ರತಿಯನ್ನು ತಂದು ಕೊಟ್ಟರು. “ತಗೊಂಡೋಗಮ್ಮ. ಇದನ್ನ ಯಾರೋ ಮನಸಿಟ್ಟು ನೋಡಿದಾರೆ ಅಂತ ಅವರಿಗೆ ಕೊನೇತನಕ ಗೊತ್ತಾಗ್ಲಿಲ್ಲ.”

ಆ ಪ್ರತಿಯನ್ನು ಮುತ್ತಜ್ಜಿ ಮಕ್ಕಳಿಗಿಂತ ಜೋಪಾನವಾಗಿ ಸಾಕಿದರು. ಮನೆಗೆ ಬಂದ ಸೊಸೆಯಂದಿರು, ಅಳಿಯಂದಿರು ಮೊದಲು ಅದನ್ನು ನೋಡಿಯೇ ಮನೆಯವರಾಗಬೇಕಿತ್ತು. ವರ್ಷ ಕಳೆದಂತೆ ಚಿತ್ರ ಮಸುಕಾಯಿತು, ಮುತ್ತಜ್ಜಿಯ ಕಣ್ಣೂ ಮಸುಕಾಯಿತು. ಈ ವರ್ಷ ಅಮ್ಮ ಅವರಿಗೆ ತಿಳಿಯದಂತೆ ಅದನ್ನು ತಿದ್ದುಮನೆಗೆ ಕೊಟ್ಟಳು. ಹಳೆಯ ಚಿತ್ರಗಳನ್ನು ಯಂತ್ರಗಳು ತೊಳೆದು ಹೊಸದು ಮಾಡುವ ಜಾಗವದು. ತಿದ್ದಿದ ಮೇಲೆ ಹಳೆಯದನ್ನು ಅಳಿಸಿಬಿಡುತ್ತಾರೆ. ಎರಡೆರಡು ಪ್ರತಿಗಳನ್ನು ತಂಪಾಗಿ ಕಾಪಾಡುವಷ್ಟು ವಿದ್ಯುತ್ ನಮ್ಮಲ್ಲಿಲ್ಲ. ತೊಳೆದ ಪಾತ್ರೆ ಅದೇ ಪಾತ್ರೆ ತಾನೇ ಎಂದು ನಾವೆಲ್ಲ ನಂಬಿ ಬೆಳೆದವರು.

ಹಿರಿನೋಟದ ದಿನ ಬಣ್ಣಗಳು ಹೊಳೆದವು. ಮುತ್ತಜ್ಜಿ ಮುಂದೆ ಬಾಗಿ ಕೂತರು. ಕೊನೆಯ ದೃಶ್ಯ ಬಂತು. ಅಷ್ಟು ಹೊತ್ತು ಏನೂ ಆಗದಿರುವುದು ಯಂತ್ರಕ್ಕೆ ಚಿತ್ರದ ದೋಷವೆನಿಸಿತ್ತು. ತಟ್ಟೆಯ ಮುಂದೆ ಕೂದಲು ಕೆದರಿದ ಹೆಂಗಸೊಬ್ಬಳು ಬಂದು ಕೂತು ಅನ್ನಕ್ಕೆ ಕೈ ಹಾಕಿದಳು. ಮಕ್ಕಳು ಕಿರುಚಿ ಚಪ್ಪಾಳೆ ತಟ್ಟಿದರು. ಬಸಣ್ಣಮಾವ “ಅಂತೂ ಬಂದ್ಲಪ್ಪಾ!” ಎಂದು ನಕ್ಕರು.

ಮುತ್ತಜ್ಜಿ ನನ್ನ ಕೈ ಹಿಡಿದುಕೊಂಡರು. “ಇವ್ಳು ಯಾರೇ ತುಂಗೆ? ಇವ್ಳು ಬರಬಾರ್ದಾಗಿತ್ತು.”

ಆಮೇಲೆ ಅಮ್ಮನ ಮುಖ ನೋಡಿದರು. ಅಮ್ಮ ಮಾತಿಗಾಗಿ ಕಾಯುತ್ತಿದ್ದಳು. “ಭಾಳ ಸ್ವಚ್ಛ ಕಾಣ್ತೈತೆ ಮಗಾ,” ಎಂದರು. ಅಂದು ಊಟಕ್ಕೆ ಏಳಲಿಲ್ಲ. ಆ ಚಿತ್ರದ ಮಾತನ್ನು ಮತ್ತೆ ಆಡಲಿಲ್ಲ. ವಾರ ಕಳೆಯುವುದರೊಳಗೆ ಹೋದರು. ಅಮ್ಮ ಈಗಲೂ ಒಲೆಯ ಮುಂದೆ ಅಳುತ್ತಾಳೆ. ಅವಳ ಮೇಲೆ ಸಿಟ್ಟಾಗಲೂ ನನ್ನಿಂದ ಆಗುತ್ತಿಲ್ಲ.

ಇನ್ನು ನನ್ನ ಕೋರಿಕೆ. ನಿಮ್ಮ ಚಿತ್ರ ಹರಿಹರದ ಟಾಕೀಸಿಗೆ ಬರುತ್ತದೆ. ಮಧ್ಯಾಹ್ನದ ಆಟ ಮುಗಿದಾಗ ನೀವು ಬಾಗಿಲ ಬಳಿ ನಿಂತು, ಖಾಲಿ ಕುರ್ಚಿಗಳನ್ನು ನೋಡಿ ತಲೆ ತಗ್ಗಿಸಿಕೊಂಡು ಹೊರಟುಹೋಗುತ್ತೀರಿ. ಅದು ನೀವೇ ಎಂದು ಮುತ್ತಜ್ಜಿಗೆ ತಿಳಿದದ್ದು ಹಾರ ಹಾಕಿದ ಫೋಟೋ ನೋಡಿದಾಗ. ದಯವಿಟ್ಟು ಆ ದಿನ ಅಷ್ಟು ಬೇಗ ಹೊರಡಬೇಡಿ. ಮುಂದಿನ ಸಾಲಿನಲ್ಲಿ, ಕಂಬದ ಮರೆಗೆ, ಶಾಲೆಯ ಸಮವಸ್ತ್ರದಲ್ಲಿ ಒಬ್ಬ ಹುಡುಗಿ ಕಾಲುಗಳನ್ನು ಕುರ್ಚಿಯ ಮೇಲೆ ಮಡಚಿಕೊಂಡು ಕೂತಿದ್ದಾಳೆ. ನಿಮ್ಮನ್ನು ಮಾತಾಡಿಸಬೇಕೆಂದಿದ್ದಾಳೆ. ಕಾಲು ನೆಲಕ್ಕಿಡಲು ಅವಳಿಗೆ ಭಯ.

ಅವಳು ಕಾಲು ಕೆಳಗಿಡುವವರೆಗೆ ನಿಂತಿರಿ.

ನಿಮ್ಮ,
ತುಂಗೆ