ಗೋಡೆಯ ಹಿಂದಿನ ಪೈಪು

ಶಿರಸಿ
೧೮ ನವೆಂಬರ್ ೨೦೨೫

ತುಷಾರನ ಅಪ್ಪನಿಗೆ,

ಹೇಗಿದ್ದೀರಿ ಎಂದು ಕೇಳುವ ಮನಸ್ಸಿಲ್ಲ, ಸಿಟ್ಟಿನಲ್ಲಿದ್ದೇನೆ. ಫೋನ್ ಮಾಡಿದರೆ ಹೂಂ ಎಂದು ಇಟ್ಟುಬಿಡುತ್ತೀರಿ. ಕಾಗದವನ್ನಾದರೂ ಪೂರ್ತಿ ಓದಿ.

ನೆಲಮಾಳಿಗೆಯ ಗೋಡೆ ಈ ವರ್ಷವೂ ಜಿನುಗಿತು. ನನ್ನ ಹೊಲಿಗೆ ಕ್ಲಾಸು ನಡೆಯುವುದು ಅಲ್ಲೇ. ಮೂರು ಸಲ ಬಳಿಸಿದ ಬಣ್ಣ ಹಪ್ಪಳದ ಹಾಗೆ ಎದ್ದು ಉದುರಿತು. ಎರಡು ಮಷೀನಿಗೆ ತುಕ್ಕು. ಒಬ್ಬರ ಮದುವೆ ರವಿಕೆಗೆ ಬೂಷ್ಟು ಹಿಡಿದು, ಅವರ ಕಾಲು ಹಿಡಿಯುವುದೊಂದು ಬಾಕಿ ಇತ್ತು. ಪ್ರತಿ ಸಲವೂ ನಿಮ್ಮನ್ನೇ ಬೈದೆ. ಗುಡ್ಡದ ಧರೆ ಕಡಿದು ಈ ಮನೆ ಕಟ್ಟಿದ ಮೇಸ್ತ್ರಿ ನೀವು. ಗೋಡೆಯ ಹಿಂದೆ ಒರತೆ ನೀರು ಹೋಗಲು ದಾರಿಯನ್ನೇ ಬಿಟ್ಟಿಲ್ಲ ಎಂದು ನಂಬಿದ್ದೆ.

ಮೂರು ವಾರದ ಹಿಂದೆ ಕೂಲಿಯ ಕೆರಿಯನನ್ನು ಕರೆಸಿ ಹೊರಬದಿ ಅಗೆಸಿದೆ. ಆಳುದ್ದ ಇಳಿದ ಮೇಲೆ ಅವನು, "ಅಮಾ, ಜಲ್ಲಿ ಐತೆ, ಪೈಪೂ ಐತೆ. ಮೇಸ್ತ್ರಿ ಚಲೋ ಮಾಡ್ಯಾರೆ" ಅಂದ. ಪೈಪಿನ ಗುಂಟ ಅಗೆಯುತ್ತಾ ಹೋದರೆ ಅದರ ಬಾಯಿ ಇದ್ದದ್ದು ನನ್ನ ಬಟ್ಟೆ ಒಗೆಯುವ ಕಟ್ಟೆಯ ಅಡಿಯಲ್ಲಿ. ನಾಲ್ಕು ವರ್ಷದ ಹಿಂದೆ ನೀವು ಸಿದ್ದಾಪುರದ ಕೆಲಸಕ್ಕೆ ಹೋಗಿದ್ದಾಗ ಗಾರೆ ಕೆಲಸದ ಬೈರನಿಗೆ ಹೇಳಿ ನಾನೇ ಕಾಂಕ್ರೀಟು ಹಾಕಿಸಿದ ಕಟ್ಟೆ. ನೀರಿನ ದಾರಿ ಮುಚ್ಚಿದವಳು ನಾನು.

ನನ್ನ ಸಿಟ್ಟು ಅದಕ್ಕಲ್ಲ. ಕಳೆದ ತಿಂಗಳು ಯಲ್ಲಾಪುರಕ್ಕೆ ನಿಮ್ಮನ್ನು ನೋಡಲು ಬಂದ ಮಗನ ಹತ್ತಿರ "ಒಗೆಯೋ ಕಟ್ಟಿ ಇನ್ನೂ ಐತೇನೋ?" ಎಂದು ಕೇಳಿದಿರಂತೆ. ಅಂದರೆ ಕಟ್ಟೆ ಪೈಪಿನ ಬಾಯಿ ಮುಚ್ಚಿದ್ದು ನಿಮಗೆ ಗೊತ್ತಿತ್ತು. ನಾಲ್ಕು ವರ್ಷದಿಂದ ಗೊತ್ತಿತ್ತು. ಬನವಾಸಿಯಲ್ಲಿ ಅಕ್ಕನ ಮನೆಯ ಗೃಹಪ್ರವೇಶದ ದಿನ, "ತಮ್ಮ ಮನಿ ಗ್ವಾಡಿ ಒಣಗ್ಸಾಕ ಬರಂಗಿಲ್ಲ, ಮಂದಿಗೆ ಮನಿ ಕಟ್ಟಿ ಕೊಡ್ತಾರ" ಎಂದು ಊಟದ ಪಂಕ್ತಿಯ ನಡುವೆ ನಾನು ನಗಾಡಿದಾಗಲೂ ಗೊತ್ತಿತ್ತು. ನಿಮಗೆ ಕೆಲಸ ಕೊಡುವವರೇ ಅಲ್ಲಿ ಅರ್ಧ ಜನ. ಆಮೇಲೆ ಒಬ್ಬರೂ ಕರೆಯಲಿಲ್ಲ. ಕರಣೆ, ತೂಗುಗುಂಡು ಚೀಲಕ್ಕೆ ಹಾಕಿಕೊಂಡು ಯಲ್ಲಾಪುರದ ಬಸ್ಸು ಹತ್ತಿದಿರಿ. ಆಗಲೂ ಬಾಯಿ ಬಿಡಲಿಲ್ಲ.

ಏನದು, ನನ್ನ ಮೇಲಿನ ಕರುಣೆಯೇ? ನನಗೆ ಬೇಡ. ಇವಳೇ ಒಂದು ದಿನ ಅಗೆದು ನೋಡಿ ತಲೆ ತಗ್ಗಿಸಲಿ ಎಂದು ಕಾದಿರೋ? ಹಾಗಿದ್ದರೆ ಗೆದ್ದಿರಿ, ಸಂತೋಷಪಡಿ. ಒಂದು ಮಾತು ಹೇಳಿದ್ದರೆ ಜಗಳ ತೆಗೆಯುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ, ಆಮೇಲೆ ಕಟ್ಟೆ ಒಡೆಸುತ್ತಿದ್ದೆ. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ ಅಷ್ಟೂ ತಿಳಿಯದೆ? ನಿಮ್ಮ ಹೆಸರು ನಾನು ಕೆಡಿಸುತ್ತಿದ್ದರೆ ನೀವು ನೋಡುತ್ತಾ ನಿಂತಿರಿ. ಇದನ್ನು ಸುಲಭಕ್ಕೆ ಕ್ಷಮಿಸಲಾರೆ.

ಕಟ್ಟೆ ಒಡೆಸಿಯಾಯಿತು. ನೀರು ಪೈಪಿನಲ್ಲಿ ಹೋಗುತ್ತಿದೆ. ಗೋಡೆ ಕೆಳಗಿನಿಂದ ಗೇಣುದ್ದ ಬಿಟ್ಟು ಉಳಿದದ್ದೆಲ್ಲ ಒಣಗಿದೆ.

ಇನ್ನೂ ಸಿಟ್ಟು ಇಳಿಯದ,
ಮಹೇಶ್ವರಿ

ತಾ.ಕ.: ಕಟ್ಟೆಯ ಸಂಗತಿ ಯಾರಿಗೂ ಹೇಳಿಲ್ಲ. ಕೆರಿಯನಿಗೂ ಸುಮ್ಮನಿರಲು ಹೇಳಿದ್ದೇನೆ. ಅಕ್ಕನಿಗೆ ಹೇಳಬೇಕೆಂದು ಎರಡು ಸಲ ಬನವಾಸಿಗೆ ಹೋಗಿ, ಚಹಾ ಕುಡಿದು ಬಂದೆ. ಭಾನುವಾರ ಅಲ್ಲಿ ಎಲ್ಲರೂ ಸೇರುತ್ತಾರೆ. ನೀವು ಬಂದು ಪಕ್ಕದಲ್ಲಿ ನಿಂತರೆ ಹೇಳುತ್ತೇನೆ.