ಹಳದಿ ಇನ್ನೂ ಬಂದಿಲ್ಲ

ಜನವರಿ ೧೧

ಅಂಟುಪಟ್ಟಿ ಬದಲಿಸುವ ದಿನ. ಆಸ್ಪತ್ರೆಯ ತಾರಸಿಗೆ ಬರೀ ಸ್ವೆಟರ್‌ನಲ್ಲಿ ಹೋದೆ. ಈ ತಿಂಗಳಲ್ಲಿ! ಹೋದ ವರ್ಷ ಯಂತ್ರದ ಮುಚ್ಚಳ ಮಂಜಿಗೆ ಕಚ್ಚಿಕೊಂಡು, ಬಿಸಿನೀರು ಹೊಯ್ದು ಬಿಡಿಸಿದ್ದೆ.

ಯಂತ್ರ ಗಾಳಿ ಎಳೆಯುತ್ತದೆ, ಗಾಳಿಯಲ್ಲಿದ್ದ ಪರಾಗ ಪಟ್ಟಿಗೆ ಅಂಟುತ್ತದೆ, ನಾನು ಲ್ಯಾಬಿಗೆ ತಂದು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ನನ್ನ ಕೆಲಸ ಇಷ್ಟೇ. "ಧೂಳು ನೋಡೋಕೆ ಸಂಬಳ ಬೇರೆ ಕೊಡ್ತಾರಾ?" ಎನ್ನುತ್ತಾನೆ ತಮ್ಮ. ಅವನದು ರಸ್ತೆ ಬದಿಯ ಮರ ಹತ್ತಿ ಕೊಂಬೆ ಕತ್ತರಿಸುವ ಕೆಲಸ. ಮನೆಯಲ್ಲಿ ಅಳಿಲು ಎಂದೇ ಹೆಸರು. ಚಿಕ್ಕಂದಿನಿಂದ ಉಬ್ಬಸ, ಆರಿಸಿಕೊಂಡದ್ದು ಮರ. ಯಾರಿಗೆ ಹೇಳೋಣ.

ಪಟ್ಟಿಯಲ್ಲಿ ಏನೂ ಇಲ್ಲ. ಬರೀ ಮಸಿ.

ಜನವರಿ ೧೯

ಕಾಲುವೆ ದಾರಿಯಲ್ಲಿ ನಡೆದು ಬಂದೆ. ಆಲ್ಡರ್ ಮರಗಳ ಬಾಲಗಳು ಆಗಲೇ ಸಡಿಲವಾಗಿವೆ. ಬಾಲ ಎಂದರೆ ಅದರ ಹೂಗೊಂಚಲು. ಚಳಿಗಾಲವಿಡೀ ಗಟ್ಟಿಯಾಗಿ ಮುದುರಿಕೊಂಡು ನೇತಾಡಬೇಕಾದದ್ದು... ಈ ಬೆಚ್ಚಗಿನ ದಿನಗಳು ಎಬ್ಬಿಸಿಬಿಟ್ಟಿವೆ. ಒಂದನ್ನು ಕಿತ್ತು ಕರ್ಚೀಫಿನ ಮೇಲೆ ಕೊಡವಿದೆ. ಪುಡಿ ಉದುರಲಿಲ್ಲ. ಇನ್ನು ಕೆಲವೇ ದಿನ.

ಜನವರಿ ೨೪

ಚಳಿ ವಾಪಸ್ ಬಂತು. ಎಂಥ ಚಳಿ! ಹಿತ್ತಲ ನಲ್ಲಿ ಹೆಪ್ಪುಗಟ್ಟಿದೆ. ಬಾಲಗಳು ಇದ್ದಲ್ಲೇ ನಿಂತಿವೆ.

ಅಲರ್ಜಿ ವಿಭಾಗದ ಡಾಕ್ಟರಮ್ಮನಿಗೆ ಹೇಳಿದೆ, "ಈ ವರ್ಷ ಸೀಸನ್ ತಡ ಆಗುತ್ತೆ ಮೇಡಂ."

"ತಡ ಅಲ್ಲಮ್ಮ, ತಡೆ" ಎಂದರು. "ಹೂವು ರೆಡಿಯಾಗಿ ಬಾಗಿಲಲ್ಲಿ ನಿಂತಿದೆ. ಚಳಿ ಚಿಲಕ ಹಾಕಿದೆ ಅಷ್ಟೆ. ಬಿಸಿಲು ಬಂದು ಗಾಳಿ ಒಣಗಲಿ, ಎಲ್ಲ ಒಟ್ಟಿಗೆ ನುಗ್ಗುತ್ತೆ ನೋಡ್ತಿರು."

ಚೆನ್ನಾಗಿ ಹೇಳಿದರು. ಬರೆದಿಟ್ಟುಕೊಂಡೆ.

ಫೆಬ್ರವರಿ ೨

ಮೂಳೆ ಕೊರೆಯುವ ಚಳಿ ಹಾಗೇ ಇದೆ. ತಮ್ಮನ ಫೋನ್. ಈ ಸಲ ಕಾಲುವೆ ಸಾಲಿನ ಮರ ಕತ್ತರಿಸುವ ಕೆಲಸ ಅವನಿಗೇ ಸಿಕ್ಕಿದೆಯಂತೆ, ಚಿಗುರುವ ಮೊದಲು ಮುಗಿಸಬೇಕು.

"ಅಕ್ಕ, ಹಳದಿ ಬಂತಾ?"

"ಎಲ್ಲಿಂದ ಬರುತ್ತೋ? ಅದಕ್ಕಿನ್ನೂ ಬೇಕಾದಷ್ಟು ದಿನ ಇದೆ."

"ಹಾಗಾದ್ರೆ ನಿಶ್ಚಿಂತೆ" ಎಂದು ಇಟ್ಟ.

ಹಳದಿ ನಮ್ಮ ಮನೆಯ ಮಾತು. ವಸಂತದಲ್ಲಿ ಕಾರುಗಳ ಮೇಲೆ ಪೈನ್ ಮರದ ಪುಡಿ ಕೂರುತ್ತಲೇ ಅಮ್ಮ ಕೂಗುತ್ತಿದ್ದಳು— "ಹಳದಿ ಬಂತು, ಪಂಪ್ ಶುರುಮಾಡೋ!" ಉಬ್ಬಸ ಬಾರದಂತೆ ದಿನಾ ಬಾಯಿಗಿಟ್ಟು ಎಳೆಯಬೇಕಾದ ಕಂದು ಪಂಪ್. ಈಗ ಅಳಿಲಿಗೆ ಮೂವತ್ತು ದಾಟಿದೆ, ಇವತ್ತಿಗೂ ಅದೇ ಲೆಕ್ಕ.

ಫೆಬ್ರವರಿ ೧೧, ಬೆಳಿಗ್ಗೆ

ತಾರಸಿಯಲ್ಲೇ ಬರೆಯುತ್ತಿದ್ದೇನೆ. ಜಾಕೆಟ್ ಬಿಚ್ಚಿದೆ. ನಿನ್ನೆಯಿಂದ ಒಳ್ಳೆ ಬಿಸಿಲು. ಪೈಪುಗಳಿಂದ ಮಂಜು ಕರಗಿ ತೊಟ್ಟಿಕ್ಕುತ್ತಿದೆ, ಒಣಗಾಳಿ ಎದ್ದಿದೆ. ಇಲ್ಲಿಂದ ಕಾಲುವೆ ಪೂರ್ತಿ ಕಾಣುತ್ತದೆ. ಮೂರನೇ ಮರದಲ್ಲಿ ಕಿತ್ತಳೆ ಹೆಲ್ಮೆಟ್. ನಮ್ಮ ಅಳಿಲು. ಕೊಂಬೆ ಅಲುಗಿದಾಗೆಲ್ಲ ಅವನ ಸುತ್ತ ಹೊಗೆಯ ಹಾಗೆ...

ಹೊಗೆಯಲ್ಲ.

ಅಯ್ಯೋ. ಅವನು ಕೇಳಿದ್ದು ಸೀಸನ್ ಬಗ್ಗೆ. ನಾನು ಹೇಳಿದ್ದು ಪೈನ್ ಪುಡಿ ಬಗ್ಗೆ. ಕಂದು ಪಂಪ್ ಶುರುಮಾಡಿರಲ್ಲ. ಫೋನ್ ಮಾಡಿದೆ, ಎತ್ತುತ್ತಿಲ್ಲ. ಚೀಲ ಕೆಳಗಿರುತ್ತದೆ, ಫೋನ್ ಚೀಲದಲ್ಲಿ

ಅದೇ ದಿನ, ಸಂಜೆ

ವಾರ್ಡಿನ ಹೊರಗೆ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನಾನು ಓಡಿ ಹೋಗುವಷ್ಟರಲ್ಲಿ ಕೆಳಗೆ ಹಗ್ಗ ಹಿಡಿದಿದ್ದ ಜೊತೆಗಾರ ತಮ್ಮನನ್ನು ಇಳಿಸಿದ್ದ. ತುರ್ತಿಗೆ ಇಟ್ಟುಕೊಂಡ ನೀಲಿ ಪಂಪ್ ಎಳೆದರೂ ಉಬ್ಬಸ ಬಗ್ಗಲಿಲ್ಲ. ಬೆಲ್ಟು ಬಿಚ್ಚದೆ, ಮಂಡಿಗೆ ಕೈ ಊರಿ ಕೂತಿದ್ದ. ತುಟಿ ನೀಲಿ. ಮಾತು ಆಡಲಾಗದೆ ನನ್ನನ್ನೇ ನೋಡಿದ. ಸತ್ತೇಹೋಗುತ್ತಾನೆ ಅಂದುಕೊಂಡೆ. ಆಸ್ಪತ್ರೆ ಪಕ್ಕದಲ್ಲೇ ಇದ್ದದ್ದಕ್ಕೆ ಬಚಾವು.

ಈಗ ಮಾಸ್ಕ್ ಹಾಕಿದ್ದಾರೆ. ಅದನ್ನು ಸರಿಸಿ ಹೇಳಿದ ಮೊದಲ ಮಾತು, "ಇಲ್ಲ ಅಂದಿದ್ಯಲ್ಲ ಅಕ್ಕ."

ಫೆಬ್ರವರಿ ೧೬

ತಮ್ಮನನ್ನು ನನ್ನ ಮನೆಗೇ ಕರೆತಂದೆ, ಅಮ್ಮನೂ ಬಂದಿದ್ದಾಳೆ. ಗಾಳಿ ತಿಳಿಯಾಗುವವರೆಗೆ ಮರ ಇಲ್ಲ, ಕಿಟಕಿ ತೆಗೆಯುವ ಹಾಗಿಲ್ಲ. ಮತ್ತೊಮ್ಮೆ ಹೀಗಾದರೆ ಕಷ್ಟ ಎಂದು ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದಾರೆ. ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನೀರು ಬೇಕಿದ್ದರೂ ಅಮ್ಮನನ್ನು ಕೇಳುತ್ತಾನೆ. ನಾನು ಎದುರಿಗೇ ಕೂತಿರುತ್ತೇನೆ!

ಅಮ್ಮ ನನ್ನನ್ನೇ ಬೈದಳು. "ಅಷ್ಟೆಲ್ಲ ಓದಿ ಒಂದು ಮಾತು ನೆಟ್ಟಗೆ ಹೇಳೋಕೆ ಬರಲ್ವೇನೇ?"

ಸಿಟ್ಟು ಬಂತು. ಹೇಳಿಬಿಟ್ಟೆ— ಪೈನ್ ಪುಡಿ ದಪ್ಪ, ಕಣ್ಣಿಗೆ ಕಾಣುತ್ತೆ, ಆದರೆ ಅದರಿಂದ ಇವನಿಗೆ ಏನೂ ಆಗಲ್ಲ. ಇವನನ್ನು ಹಿಡಿಯೋದು ಅದಕ್ಕೂ ಮುಂಚೆ ಬರೋ ಆಲ್ಡರ್, ಅದು ಕಾರುಗಳ ಮೇಲೆ ಕೂತು ಕಾಣಲ್ಲ. ಫೆಬ್ರವರಿಯ ಅವನ ಕೆಮ್ಮನ್ನು ನಾವೆಲ್ಲ ಶೀತ ಅಂದುಕೊಂಡಿದ್ದೆವು, ನಾನೂ ಸೇರಿ.

"ಹಾಗಾದ್ರೆ ಇಷ್ಟು ವರ್ಷ ನಾನು ಕೂಗಿದ್ದು?" ಎಂದಳು.

ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ.

ಫೆಬ್ರವರಿ ೨೧, ಮಧ್ಯಾಹ್ನ

ಬೆಳಗಿನಿಂದ ಜಿಟಿಜಿಟಿ ಮಳೆ. ಪಟ್ಟಿ ಹೆಚ್ಚುಕಡಿಮೆ ಖಾಲಿ. ಗಾಳಿಯಲ್ಲಿದ್ದದ್ದೆಲ್ಲ ನೆಲ ಸೇರಿದೆ, ಬಾಲಗಳೂ ನೆನೆದು ಮುಚ್ಚಿಕೊಂಡಿವೆ. ಊಟಕ್ಕೆ ಬಂದವಳೇ ಅವನ ಕೋಣೆಗೆ ಹೋಗಿ ಕಿಟಕಿ ತೆಗೆದೆ.

"ಸಾಯಿಸ್ತೀಯಾ?" ಎಂದ. ಅಂತೂ ಮಾತಾಡಿದ!

"ಮಳೆ ಬರ್ತಿರೋವಾಗ ಏನೂ ಆಗಲ್ಲ ಕಣೋ. ಬಾ."

ಬಂದ. ಅನುಮಾನದಿಂದ ಒಂದು ಚೂರು ಉಸಿರೆಳೆದುಕೊಂಡ, ಆಮೇಲೆ ಎದೆತುಂಬ. ದೂರದಲ್ಲಿ ಅವನ ಮೂರನೇ ಮರ, ಅರ್ಧ ಕತ್ತರಿಸಿದ್ದು.

"ಅರ್ಧ ಕ್ಷೌರ ಮಾಡಿ ಬಿಟ್ಟ ಹಾಗಿದೆ" ಎಂದ. ನಕ್ಕೆವು. ಅವನಿಗೆ ಕೆಮ್ಮು ಬರಲಿಲ್ಲ.

ಕಿಟಕಿ ಪಕ್ಕದ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾನೆ. ಬಾಯಿ ಮುಚ್ಚಿದೆ, ಮೂಗಿನಲ್ಲಿ ಉಸಿರು. ಎಷ್ಟು ದಿನವಾಯಿತು ಹೀಗೆ ಮಲಗಿ. ಅಮ್ಮ ಬಾಗಿಲಿಂದ ಇಣುಕಿ, ಎಬ್ಬಿಸಬೇಡ ಎಂದು ಕೈಸನ್ನೆ ಮಾಡಿ ಹೋದಳು.

ಮಳೆ ಸದ್ದು ಕಡಿಮೆಯಾಗುತ್ತಿದೆ. ಆ ಕಡೆ ಮೋಡ ಹರಿದಿದೆ. ಬಿಸಿಲು ಬಿದ್ದರೆ ಮರ ಒಣಗಿ ಮತ್ತೆ ಪುಡಿ ಹಾರಲು ಹೆಚ್ಚು ಹೊತ್ತು ಬೇಡ. ಕಿಟಕಿ ಹಾಕಬೇಕು, ಹಾಕಿದರೆ ಕಿರ್ ಎನ್ನುತ್ತದೆ, ಎದ್ದುಬಿಡುತ್ತಾನೆ. ಇನ್ನೊಂದೇ ನಿಮಿಷ ಮಲಗಲಿ. ಎದುರು ಗೋಡೆಗೆ ಬಿಸಿಲು ಬರುವವರೆಗೆ. ಇನ್ನೂ ಬಂದಿಲ್ಲ... ಅಗೋ, ಅಂಚಿಗೆ—